ಕಣಿವೆ ಮೊದಲು, ಸೇತುವೆ ಆಮೇಲೆ

ಸಕಲೇಶಪುರದಿಂದ ನೆಟ್ಟಣದ ಕಡೆಗೆ ಇಳಿಯುವ ರೈಲಿನಲ್ಲಿ ಕಣ್ಣು ಮುಚ್ಚಿ ಕೂತರೂ ಸೇತುವೆ ಬಂದದ್ದು ಗೊತ್ತಾಗುತ್ತದೆ. ಜಲ್ಲಿಯ ಮೇಲೆ ಗಡಗಡ ಎನ್ನುತ್ತಿದ್ದ ಸದ್ದು ಒಮ್ಮೆಗೇ ಟೊಳ್ಳಾಗುತ್ತದೆ. ಗರ್ಡರ್ (ಉಕ್ಕಿನ ತೊಲೆ) ಸೇತುವೆಯಲ್ಲಿ ಹಳಿಯ ಕೆಳಗೆ ಜಲ್ಲಿ ಇರುವುದಿಲ್ಲ. ಹಳಿಯನ್ನು ಹೊರುವ ಅಡ್ಡಪಟ್ಟಿ, ಅಂದರೆ ಸ್ಲೀಪರ್, ನೇರವಾಗಿ ಉಕ್ಕಿನ ಮೇಲೆ ಕೂತಿರುತ್ತದೆ, ಅದರ ಕೆಳಗೆ ಗಾಳಿ, ಅದರ ಕೆಳಗೆ ಹೊಳೆ. ಆ ಸದ್ದು ಅಡಗುವಷ್ಟರಲ್ಲಿ ಸುರಂಗದ ಕತ್ತಲು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ದಾಟಿ ನೆಟ್ಟಣದ ನಿಲ್ದಾಣವಾದ ಸುಬ್ರಹ್ಮಣ್ಯ ರೋಡ್ ತಲುಪುವ ಈ 55 ಕಿ.ಮೀ. ದಾರಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ ಇವೆಯೆಂದು ಲೆಕ್ಕ. ಏರು 50ಕ್ಕೆ 1. 1979ರಲ್ಲಿ ಮೀಟರ್ ಗೇಜ್ ಆಗಿ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿಟ್ಟು, ತೆರೆದ ದಾರಿ ಇದು. ಬ್ರಾಡ್ ಗೇಜ್‌ಗೆ ಬದಲಾಗಿ 2006ರಲ್ಲಿ ಸರಕು ರೈಲು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಓಡಲು ಶುರುವಾಯಿತು.

ಮನೆಯ ಮಾದರಿ ರೈಲಿನ ಲೇಔಟ್‌ಗೆ (ಹಲಗೆಯ ಮೇಲೆ ಹಳಿ, ಗುಡ್ಡ ಜೋಡಿಸಿದ ದೃಶ್ಯಕ್ಕೆ) ಸೇತುವೆಯ ದೃಶ್ಯವೊಂದನ್ನು ಸೇರಿಸಬೇಕು ಅನ್ನಿಸಿದಾಗ ನಮ್ಮವರಿಗೆ ಈ ಘಾಟಿಗಿಂತ ಒಳ್ಳೆಯ ಮೇಲ್ಪಂಕ್ತಿ ಇಲ್ಲ. ಆದರೆ ಹೆಚ್ಚಿನ ಲೇಔಟ್‌ಗಳಲ್ಲಿ ಆಗುವುದೇ ಬೇರೆ. ಪೆಟ್ಟಿಗೆಯಲ್ಲಿ ಬಂದ ಸೇತುವೆಯನ್ನು ಮೊದಲು ಕೊಂಡು, ಆಮೇಲೆ ಅದಕ್ಕೊಂದು ಗುಂಡಿ ತೋಡುತ್ತಾರೆ. ಸಮತಟ್ಟಾದ ಹಲಗೆಯ ನಡುವೆ ಸೇತುವೆಯ ಉದ್ದಕ್ಕೆ ಸರಿಯಾಗಿ ಒಂದು ಗುಂಡಿ, ಅದರೊಳಗೆ ನೀಲಿ ಬಣ್ಣ. ನೋಡಿದವರಿಗೆ ಸೇತುವೆ ಕಾಣುತ್ತದೆ, ಅದು ಅಲ್ಲಿ ಯಾಕಿದೆ ಎಂಬುದು ಕಾಣುವುದಿಲ್ಲ. ಘಾಟಿಯಲ್ಲಿ ನೆಲವೇ ಮೊದಲು. ಗುಡ್ಡದ ಮಗ್ಗುಲು ಹಿಡಿದು ಬಂದ ಹಳಿಗೆ ಅಡ್ಡಲಾಗಿ ಹಳ್ಳವೊಂದು ಕಡಿದಾಗಿ ಇಳಿಯುತ್ತದೆ, ಬೇರೆ ದಾರಿ ಇಲ್ಲದೆ ಸೇತುವೆ ಹುಟ್ಟುತ್ತದೆ. ಮಾದರಿಯಲ್ಲೂ ಆ ಅನಿವಾರ್ಯತೆ ಕಾಣಬೇಕು. ಹಾಗಾಗಿ ಕಣಿವೆ ಸೇತುವೆಗಿಂತ ಅಗಲವಾಗಿರಲಿ, ಹಳಿಯ ಹಿಂದೆಯೂ ಮೇಲೇರಲಿ, ಮುಂದೆಯೂ ಕೆಳಗಿಳಿಯಲಿ. ಹಳ್ಳ ಹಳಿಯನ್ನು ನೇರ ಅಡ್ಡಕ್ಕೆ ಕತ್ತರಿಸದೆ 60–70 ಡಿಗ್ರಿ ಓರೆಯಲ್ಲಿ ಹಾಯ್ದರೆ ಆ ಒಂದರಿಂದಲೇ ದೃಶ್ಯದ ಅರ್ಧ ಕೃತಕತೆ ಹೋಗುತ್ತದೆ.

ಅಳತೆಯ ಮಾತು. ಇಲ್ಲಿ ಹೇಳುವುದೆಲ್ಲ ಎಚ್ಒ ಪ್ರಮಾಣಕ್ಕೆ, ಅಂದರೆ 87ಕ್ಕೆ 1. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; 87ರಲ್ಲಿ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ. ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಹೆಚ್ಚಿನವರು ಮುಂದುವರಿಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಮೀಟರ್ ಗೇಜ್ ಕಾಲವನ್ನು ಮಾಡುವವರಿಗೆ 12 ಮಿ.ಮೀ. ಹಳಿ ಸಾಕಷ್ಟು ಹತ್ತಿರ ಬರುತ್ತದೆ.

ನಮ್ಮ ರೈಲ್ವೆಯ ತಟ್ಟೆ ಗರ್ಡರ್‌ಗಳು (ದಪ್ಪ ಉಕ್ಕಿನ ಹಾಳೆಯಿಂದ ಮಾಡಿದ ಪ್ಲೇಟ್ ಗರ್ಡರ್‌ಗಳು) ಗೊತ್ತಾದ ಉದ್ದಗಳಲ್ಲಿ ಬರುತ್ತವೆ: 12.2 ಮೀಟರ್, 18.3 ಮೀಟರ್, 24.4 ಮೀಟರ್. ಎಚ್ಒನಲ್ಲಿ ಇವು 140, 210, 280 ಮಿ.ಮೀ. ನೋಡಲು ಉದ್ದದ್ದೇ ಚೆಂದ ಎಂದು 210ಕ್ಕೆ ಕೈ ಹಾಕುವ ಮೊದಲು ತಿರುವಿನ ಲೆಕ್ಕ ಮಾಡಬೇಕು. ತಿರುವಿನ ಸೇತುವೆಯಲ್ಲೂ ಗರ್ಡರ್ ಬಾಗಿರುವುದಿಲ್ಲ. ಗರ್ಡರ್‌ಗಳು ನೇರ, ಪ್ರತಿ ಕಂಬದ ಮೇಲೆ ಒಂದಿಷ್ಟು ಕೋನ ತಿರುಗಿ ಕೂತಿರುತ್ತವೆ, ಹಳಿ ಮಾತ್ರ ಅವುಗಳ ಮೇಲೆ ಬಾಗಿ ಸಾಗುತ್ತದೆ. ನಡುವೆ ಹಳಿ ಎಷ್ಟು ಹೊರಗೆ ಉಬ್ಬುತ್ತದೆ ಎಂಬುದಕ್ಕೆ ಸುಲಭ ಸೂತ್ರವಿದೆ: ಗರ್ಡರ್ ಉದ್ದದ ವರ್ಗವನ್ನು ತಿರುವಿನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಮನೆಯ ಲೇಔಟ್‌ನಲ್ಲಿ ತ್ರಿಜ್ಯ 750 ಮಿ.ಮೀ. ಎಂದಿಟ್ಟುಕೊಂಡರೆ, 210ರ ಗರ್ಡರ್‌ಗೆ ಉಬ್ಬು 7.35 ಮಿ.ಮೀ., 140ರದ್ದಕ್ಕೆ 3.3 ಮಿ.ಮೀ.

ಇದರ ಪರಿಣಾಮ ಕಣ್ಣಿಗೆ ಹೊಡೆಯುವಂಥದ್ದು. ಒಂದು ಜೋಡಿ ಗರ್ಡರ್‌ಗಳ ನಡುವಿನ ಅಂತರ ಮಧ್ಯದಿಂದ ಮಧ್ಯಕ್ಕೆ 22 ಮಿ.ಮೀ., ಅಂದರೆ ನಡುಗೆರೆಯಿಂದ ಎರಡೂ ಬದಿಗೆ 11. ಹಳಿ ನಡುಗೆರೆಯಿಂದ 8.7 ಮಿ.ಮೀ. ದೂರದಲ್ಲಿರುತ್ತದೆ. 140ರ ಗರ್ಡರ್‌ನಲ್ಲೂ 3.3 ಮಿ.ಮೀ. ಉಬ್ಬು ಸೇರಿಸಿದರೆ ಹೊರಗಿನ ಹಳಿ 12ಕ್ಕೆ ಹೋಗಿ ಗರ್ಡರ್ ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಅದಕ್ಕೆ ಪರಿಹಾರ ಉಬ್ಬನ್ನು ಎರಡು ಪಾಲು ಮಾಡುವುದು. ಗರ್ಡರ್ ಜೋಡಿಯನ್ನು ತಿರುವಿನ ಹೊರಬದಿಗೆ 1.6 ಮಿ.ಮೀ. ಸರಿಸಿ ಕೂರಿಸಿದರೆ ಹಳಿ ನಡುವೆ 1.6 ಹೊರಗೆ, ಕಂಬಗಳ ಮೇಲೆ 1.6 ಒಳಗೆ ಬರುತ್ತದೆ. ಆಗ ಹೊರಹಳಿ 10.3ರಲ್ಲಿ, ಗರ್ಡರ್‌ನ ಒಳಗೇ. 210ರ ಗರ್ಡರ್‌ನಲ್ಲಿ ಪಾಲು ಮಾಡಿದರೂ 12.4ಕ್ಕೆ ಹೋಗುತ್ತದೆ. ಹಾಗಾಗಿ ತಿರುವಿನಲ್ಲಿ 140ರ ನಾಲ್ಕು ಗರ್ಡರ್ ಜೋಡಿ, ಒಟ್ಟು 560 ಮಿ.ಮೀ., ಮೂರು ಕಂಬ, ಎರಡು ದಡಗಟ್ಟೆ. ಇದೇ ಸರಿಯಾದ ಆಯ್ಕೆ. ಕಂಬದಿಂದ ಕಂಬಕ್ಕೆ ಕೋನ 10.7 ಡಿಗ್ರಿ. ಪ್ರತಿ ಕಂಬದ ಮುಖ ತಿರುವಿನ ಕೇಂದ್ರದ ಕಡೆಗಿರಬೇಕು.

ಇನ್ನು ಬೋಗಿ ಎಷ್ಟು ಜಾಗ ಬೇಡುತ್ತದೆ ನೋಡೋಣ. ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಯ ಉದ್ದ 21.337 ಮೀಟರ್, ಅಗಲ 3.245 ಮೀಟರ್, ಮಾದರಿಯಲ್ಲಿ 245 ಮತ್ತು 37 ಮಿ.ಮೀ. 750ರ ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಕ್ಕೆ ಸುಮಾರು 5, ಮೂಲೆ ಹೊರಕ್ಕೆ ಸುಮಾರು 5 ಮಿ.ಮೀ. ಚಾಚುತ್ತದೆ. ಅರ್ಧ ಅಗಲ ಸೇರಿಸಿದರೆ ನಡುಗೆರೆಯಿಂದ 24. ಸೇತುವೆಯಂಚಿನ ಕೈಹಿಡಿ ಕಂಬಿಗಳನ್ನು 30ರಲ್ಲಿ ನೆಟ್ಟರೆ ನಿಶ್ಚಿಂತೆ. ಲೆಕ್ಕವನ್ನು ನಂಬದವರು ಅತಿ ಉದ್ದದ ಬೋಗಿಯ ನಾಲ್ಕು ಮೂಲೆಗೂ ಹೊಟ್ಟೆಯ ಎರಡು ಬದಿಗೂ ಪೆನ್ಸಿಲ್ ತುಂಡು ಅಂಟಿಸಿ, ಹಳಿಯ ಪಕ್ಕ ರಟ್ಟು ಹಾಸಿ, ಕೈಯಲ್ಲಿ ತಳ್ಳಿ ನೋಡಲಿ. ರಟ್ಟಿನ ಮೇಲೆ ಬಿದ್ದ ಗೆರೆಯೇ ಗಡಿ.

ಈಗಾಗಲೇ ಓಡುತ್ತಿರುವ ಲೇಔಟ್‌ನಲ್ಲಿ ನೆಲ ತೆಗೆಯುವುದು ಎಲ್ಲಕ್ಕಿಂತ ಭಯದ ಕೆಲಸ. ಹಳಿ ಕವಲೊಡೆಯುವ ಪಾಯಿಂಟ್‌ಗಳಿಂದ ದೂರವಿರುವ, ಅಡಿಯಲ್ಲಿ ತಂತಿ ಕಡಿಮೆ ಇರುವ ಜಾಗ ಆರಿಸಿ. ಕರೆಂಟ್ ತೆಗೆದು, ಕೆಳಗೆ ಟಾರ್ಚ್ ಹಿಡಿದು ಮಲಗಿ, ಯಾವ ಅಡ್ಡರೀಪು ಎಲ್ಲಿದೆ ಎಂದು ಗುರುತಿಸಿಕೊಳ್ಳಬೇಕು. ಹಳಿ ತೆಗೆಯುವ ಮೊದಲು ಅದರ ಮೇಲೆ ಕಾಗದ ಹಾಸಿ, ಪೆನ್ಸಿಲ್ ಸೀಸವನ್ನು ಮಲಗಿಸಿ ಉಜ್ಜಿದರೆ ಎರಡೂ ಹಳಿಗಳ ಅಚ್ಚು ಮೂಡುತ್ತದೆ. ಗರ್ಡರ್, ಕಂಬ ಎಲ್ಲದಕ್ಕೂ ಈ ಕಾಗದವೇ ನಕ್ಷೆ. ಎರಡು ಪ್ರತಿ ಇಟ್ಟುಕೊಳ್ಳಿ. ಫೆವಿಕಾಲ್ ನೀರಿನಲ್ಲಿ ಕೂರಿಸಿದ ಜಲ್ಲಿಯಾದರೆ ಸೋಪಿನ ಹನಿ ಬೆರೆಸಿದ ಬಿಸಿನೀರು ಚಿಮುಕಿಸಿ ಕಾಲು ಗಂಟೆ ಬಿಟ್ಟರೆ ಪುಟ್ಟಿ ಕತ್ತಿಯಲ್ಲಿ ಏಳುತ್ತದೆ. ಹಳಿ ಕತ್ತರಿಸುವ ಜಾಗ ದಡಗಟ್ಟೆಯಿಂದ ಕನಿಷ್ಠ 30 ಮಿ.ಮೀ. ಆಚೆ, ಗಟ್ಟಿ ನೆಲದ ಮೇಲಿರಲಿ. ಸೇತುವೆಯ ಮೇಲೆ ಹಳಿಜೋಡ ಬಂದರೆ ತಿರುವಿನಲ್ಲಿ ಅದು ಮೂಲೆಯಾಗಿ ಎದ್ದು ನಿಲ್ಲುತ್ತದೆ, ಮೊದಲು ಹಳಿ ತಪ್ಪುವುದು ಅಲ್ಲೇ.

ಹಲಗೆ ಕೊಯ್ಯುವ ಮೊದಲು ಅದರ ಭಾರಕ್ಕೆ ಬದಲಿ ಆಸರೆ ಕೊಡಬೇಕು. ಕಣಿವೆಯ ಎರಡು ಕಡೆಯ ಗಟ್ಟಿ ರೀಪುಗಳಿಂದ 12 ಮಿ.ಮೀ. ಪ್ಲೈವುಡ್‌ನ ಎರಡು ಗೋಡೆ 250 ಮಿ.ಮೀ. ಕೆಳಗಿಳಿಸಿ, ಅವುಗಳ ತಳವನ್ನು 9 ಮಿ.ಮೀ. ಪ್ಲೈವುಡ್‌ನಿಂದ ಜೋಡಿಸಿ ತೊಟ್ಟಿಲಿನಂತೆ ಮಾಡಿ, ಅಂಟು ಮತ್ತು ಸ್ಕ್ರೂ ಎರಡನ್ನೂ ಹಾಕಿ. ಒಂದು ರಾತ್ರಿ ಒಣಗಲಿ. ಆಮೇಲಷ್ಟೇ ಮೇಲಿನ ಹಲಗೆ, ನಡುವಿನ ಅಡ್ಡರೀಪು ಕೊಯ್ಯುವುದು. ಈ ಕ್ರಮ ತಿರುವುಮುರುವಾದರೆ ಕೊಯ್ದ ಕ್ಷಣದಲ್ಲೇ ಚೌಕಟ್ಟು ಒಂದೆರಡು ಮಿ.ಮೀ. ಕುಸಿಯುತ್ತದೆ, ಹಳಿಯ ಎರಡು ತುದಿ ಮತ್ತೆ ಒಂದೇ ಮಟ್ಟಕ್ಕೆ ಬರುವುದಿಲ್ಲ. ಎಂಜಿನ್, ಬೋಗಿಗಳನ್ನು ಬೇರೆ ಕೋಣೆಗೆ ಸಾಗಿಸಿ. ಮರದ ಪುಡಿ ಗಿಯರ್‌ನ ಗ್ರೀಸ್‌ಗೆ ಹತ್ತಿದರೆ ಮತ್ತೆ ಬಿಡಿಸಲಾಗದು.

ಗರ್ಡರ್‌ಗೆ 2 ಮಿ.ಮೀ. ಅಕ್ರಿಲಿಕ್ ಹಾಳೆ ಸಾಕು. ಎತ್ತರ ಉದ್ದದ ಹತ್ತನೇ ಒಂದು ಪಾಲು, ಅಂದರೆ 14 ಮಿ.ಮೀ.; ಉದ್ದ 139, ತುದಿಗಳ ನಡುವೆ 1 ಮಿ.ಮೀ. ಸಂದು. ಅರ್ಧ ಕಿಲೋ ತೂಕದ ಎಂಜಿನ್ ನಿಂತರೂ ಇಂಥ ಒಂದು ಜೋಡಿ ಬಗ್ಗುವುದು ಸುಮಾರು 0.1 ಮಿ.ಮೀ. ಮಾತ್ರ. ಬೇಕಾಗುವುದು ಎಂಟು ತುಂಡು. ಮೇಲೂ ಕೆಳಗೂ 5 ಮಿ.ಮೀ. ಅಗಲದ ತೆಳು ಪ್ಲಾಸ್ಟಿಕ್ ಪಟ್ಟಿ, ಹೊರಮೈಯಲ್ಲಿ 15 ಮಿ.ಮೀ.ಗೊಂದು ನಿಲುವು ಪಟ್ಟಿ. ಈ ನಿಲುವು ಪಟ್ಟಿಗಳೇ ತಟ್ಟೆ ಗರ್ಡರ್‌ನ ಮುಖಲಕ್ಷಣ. ಬೆಳಕು ಓರೆಯಾಗಿ ಬಿದ್ದಾಗ ಅವುಗಳ ನೆರಳು ಸಾಲಾಗಿ ಮೂಡುತ್ತದೆ. ಒಂದು ಸೊಟ್ಟಗಾದರೂ ಸಾಲೆಲ್ಲ ಕೆಡುತ್ತದೆ. ರಟ್ಟಿನಲ್ಲಿ 14 ಮಿ.ಮೀ. ಅಗಲದ ತಡೆಗಟ್ಟು ಮಾಡಿಕೊಂಡು ಅದಕ್ಕೆ ಒತ್ತಿಯೇ ಅಂಟಿಸಿ. ಬಣ್ಣ ಬೂದು, ಅದರ ಮೇಲೆ ಬೆಳ್ಳಿಯ ಸ್ವಲ್ಪ ಹೊಳಪು. ಅಪ್ಪಟ ಬೆಳ್ಳಿ ಬಣ್ಣ ಹಚ್ಚಿದರೆ ಆಟಿಕೆಯಾಗುತ್ತದೆ.

ಸ್ಲೀಪರ್‌ಗಳು ಇಲ್ಲಿ ಒತ್ತೊತ್ತಾಗಿರಬೇಕು. 3 ಮಿ.ಮೀ. ಅಗಲ, 2 ಮಿ.ಮೀ. ದಪ್ಪ, 32 ಮಿ.ಮೀ. ಉದ್ದದ ಮರದ ಕಡ್ಡಿ, 6 ಮಿ.ಮೀ.ಗೊಂದರಂತೆ ಸುಮಾರು 95. ಪ್ರತಿ ಎಂಟನೆಯದು ಮರದ ಬದಲು ತಾಮ್ರ ಹೊದಿಸಿದ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ) ತುಂಡಾಗಿದ್ದರೆ ಹಳಿಯನ್ನು ಅದಕ್ಕೆ ಬೆಸುಗೆ ಹಾಕಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈ ಹಾಳೆ ಸುಲಭವಾಗಿ ಸಿಗುತ್ತದೆ. ಎರಡು ಹಳಿಗಳ ಕರೆಂಟ್ ಕೂಡದಂತೆ ಪ್ರತಿ ತುಂಡಿನ ನಟ್ಟನಡುವೆ ತಾಮ್ರವನ್ನು ಅರದಿಂದ ಕೆರೆದು ಬೇರ್ಪಡಿಸಬೇಕು, ಮಲ್ಟಿಮೀಟರ್ ಹಿಡಿದು ಪರೀಕ್ಷಿಸಬೇಕು. ಒಂದನ್ನು ಮರೆತರೂ ಇಡೀ ಲೇಔಟ್ ಶಾರ್ಟ್ ಆಗುತ್ತದೆ. ಬಣ್ಣ ಹಚ್ಚಿದ ಮೇಲೆ ಅದು ಯಾವುದೆಂದು ಹುಡುಕುವುದು ಬಲು ಕಷ್ಟ.

ಮಾದರಿಗಳಲ್ಲಿ ಅತಿ ಹೆಚ್ಚು ಮರೆತುಹೋಗುವುದು ಗಾರ್ಡ್ ರೈಲು. ನಮ್ಮ ಗರ್ಡರ್ ಸೇತುವೆಗಳ ಮೇಲೆ ಓಡುವ ಹಳಿಯ ಒಳಬದಿಗೆ ಇನ್ನೊಂದು ಜೋಡಿ ಹಳಿ ಇರುತ್ತದೆ. ಚಕ್ರ ತಪ್ಪಿದರೂ ಬೋಗಿ ಸೇತುವೆಯಿಂದ ಉರುಳದಂತೆ ಅದು ತಡೆಯುತ್ತದೆ. ಬ್ರಾಡ್ ಗೇಜ್‌ನಲ್ಲಿ ಎರಡರ ನಡುವಿನ ತೆರವು ಸುಮಾರು 250 ಮಿ.ಮೀ., ಮಾದರಿಯಲ್ಲಿ 3 ಮಿ.ಮೀ. ಸೇತುವೆ ದಾಟಿದ ಮೇಲೆ ಎರಡೂ ಬಾಗಿ ಹಳಿಯ ನಡುವೆ ಕೂಡುತ್ತವೆ. ಓಡುವ ಹಳಿ 2.1 ಮಿ.ಮೀ. ಎತ್ತರದ್ದಾದರೆ ಇದಕ್ಕೆ 1.8 ಮಿ.ಮೀ.ಯದು ಹಾಕಿ, ಚಕ್ರ ಒರೆಸುವ ಬಟ್ಟೆ ಸಿಕ್ಕಿಕೊಳ್ಳುವುದಿಲ್ಲ. ಬೆಸುಗೆ ಬೇಡ, ಅಂಟೇ ಸಾಕು. ಪಿಸಿಬಿ ತುಂಡುಗಳ ತಾಮ್ರಕ್ಕೆ ತಾಗದಂತೆ ಅಡಿಯಲ್ಲಿ ಕಾಗದದ ಚೂರು ಇಡಿ.

ನಿಜವಾದ ಸೇತುವೆಯನ್ನು ನೆಲದಿಂದ ಮೇಲಕ್ಕೆ ಕಟ್ಟುತ್ತಾರೆ. ಮಾದರಿಯಲ್ಲಿ ಹಳಿಯಿಂದ ಕೆಳಕ್ಕೆ ಕಟ್ಟಬೇಕು. ಹಳಿಯ ಮಟ್ಟ ಈಗಾಗಲೇ ಗೊತ್ತಾಗಿಬಿಟ್ಟಿದೆ, ಬಗ್ಗಬೇಕಾದದ್ದು ಕಂಬ. ಹಳಿ, ಸ್ಲೀಪರ್, ಗರ್ಡರ್‌ಗಳನ್ನು ಮೇಜಿನ ಮೇಲೆ ಆ ಕಾಗದದ ಅಚ್ಚಿನ ಮೇಲೆಯೇ ಒಂದೇ ತುಂಡಾಗಿ ಜೋಡಿಸಿ, ಎರಡು ದಡಗಳ ನಡುವೆ ಕೂರಿಸಿ, ಕೆಳಗಿನಿಂದ ಕಂಬಗಳನ್ನು ಒಂದೊಂದಾಗಿ ನಿಲ್ಲಿಸಿ. ಕಂಬವನ್ನು ಬೇಕೆಂದೇ 2 ಮಿ.ಮೀ. ಗಿಡ್ಡ ಕತ್ತರಿಸಿ, ಉಳಿದದ್ದನ್ನು ತೆಳು ಪಟ್ಟಿಗಳಿಂದ ತುಂಬಿಸಿ. ಆ ಪಟ್ಟಿಗಳೇ ಗರ್ಡರ್ ಕೂರುವ ಬೇರಿಂಗ್‌ಗಳಾಗಿ ಕಾಣುತ್ತವೆ. ಉದ್ದ ಹೆಚ್ಚಾದ ಕಂಬ ಹಳಿಯನ್ನು ಮೇಲೆತ್ತುತ್ತದೆ, ಆ ಸಣ್ಣ ಗೂನಿನ ಮೇಲೆ ಕೊಂಡಿ ಬಿಚ್ಚಿಕೊಂಡು ರೈಲು ಎರಡಾಗುತ್ತದೆ.

50ಕ್ಕೆ 1ರ ಏರಿನಲ್ಲಿ ಸೇತುವೆ ಇದ್ದರೆ ಪ್ರತಿ 140 ಮಿ.ಮೀ.ಗೆ 2.8 ಮಿ.ಮೀ. ಏರಬೇಕು, ಕಂಬಗಳ ತಲೆಯೂ ಅಷ್ಟಷ್ಟೇ ಮೆಟ್ಟಿಲಾಗಬೇಕು. ಗರ್ಡರ್ ಓರೆ, ಕಂಬ ಮಾತ್ರ ತೂಗುಗುಂಡಿನ ದಾರಕ್ಕೆ ನೇರ. ಗರ್ಡರ್‌ಗೆ ಮೂಲೆಮಟ್ಟ ಹಿಡಿದು ಕಂಬ ನಿಲ್ಲಿಸಿದರೆ ಮೂರೂ ಇಳಿಜಾರಿನ ಕಡೆ ವಾಲಿದಂತೆ ಕಾಣುತ್ತವೆ. ಏರಿನ ಪ್ರಮಾಣ ಸೇತುವೆಯ ಮೇಲೆ ಬದಲಾಗಬಾರದು, ಬದಲಾಗುವುದಿದ್ದರೆ ದಡ ಸೇರಿದ ಮೇಲಿರಲಿ.

ಕಂಬಗಳಿಗೆ 5 ಮಿ.ಮೀ. ಸನ್‌ಬೋರ್ಡ್ (ಫೋಮ್ ಹಾಳೆ) ಒಳ್ಳೆಯದು. ತಲೆಯಲ್ಲಿ 25 ಮಿ.ಮೀ. ದಪ್ಪವಿದ್ದು, ಕೆಳಗಿಳಿಯುತ್ತ ಪ್ರತಿ 24 ಮಿ.ಮೀ.ಗೆ ಪ್ರತಿ ಬದಿಯಲ್ಲಿ 1 ಮಿ.ಮೀ. ಅಗಲವಾಗಲಿ, 200 ಮಿ.ಮೀ. ಎತ್ತರದ ಕಂಬದ ಬುಡ ಸುಮಾರು 42 ಮಿ.ಮೀ. ಆಗುತ್ತದೆ. 200 ಮಿ.ಮೀ. ಅಂದರೆ ನಿಜದಲ್ಲಿ 17 ಮೀಟರ್‌ಗೂ ಹೆಚ್ಚು. ನೋಡುವ ಕಣ್ಣಿಗೆ ಧಾರಾಳ ಎತ್ತರ. ಮೊಂಡು ಚಾಕುವಿನ ಬೆನ್ನಿನಿಂದ ಅಡ್ಡಗೆರೆ ಎಳೆದರೆ ಸೆಂಟ್ರಿಂಗ್ ಹಲಗೆಯ ಗುರುತು ಬಂದಂತಾಗುತ್ತದೆ. ಬಣ್ಣದಲ್ಲಿ ಸಿಮೆಂಟಿನ ಬೂದು ಎಲ್ಲೋ ಸ್ವಲ್ಪ ಇಣುಕಲಿ ಸಾಕು. ಮಲೆನಾಡಿನ ಮಳೆಯಲ್ಲಿ ನಿಂತ ಕಂಬ ಮೇಲಿನಿಂದ ಕಪ್ಪು ಗೆರೆಗಳಾಗಿ ಸೋರಿರುತ್ತದೆ, ಬುಡ ಹಸಿರು ಪಾಚಿಯಿಂದ ಮೆತ್ತಗಾಗಿರುತ್ತದೆ, ಬೇರಿಂಗ್ ಕೆಳಗೆ ತುಕ್ಕಿನ ಕಂದು ಇಳಿದಿರುತ್ತದೆ. ಕಪ್ಪು ಇಂಡಿಯನ್ ಇಂಕನ್ನು ನೀರಿನಲ್ಲಿ ತೆಳುವಾಗಿಸಿ ಮೇಲಿನಿಂದ ಹರಿಯಬಿಡಿ. ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ನೆಲಕ್ಕೆ ಥರ್ಮಾಕೋಲ್ ಪದರಗಳು, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ. ಒಂದು ಪಾಲು ನೀರಿಗೆ ಎರಡು ಪಾಲು ಪುಡಿ, ಪುಡಿಯನ್ನು ನೀರಿಗೆ ಹಾಕಬೇಕು. ನೀರನ್ನು ಪುಡಿಗೆ ಹುಯ್ದರೆ ಗಂಟು ಕಟ್ಟುತ್ತದೆ. ಥರ್ಮಾಕೋಲ್‌ಗೆ ಫೆವಿಕಾಲ್ ಬಿಟ್ಟು ಬೇರೆ ಅಂಟು ತಾಗಿಸಬೇಡಿ. ಸೂಪರ್ ಗ್ಲೂ, ರಬ್ಬರ್ ಅಂಟು, ಸ್ಪ್ರೇ ಬಣ್ಣ ಎಲ್ಲವೂ ಅದನ್ನು ಕರಗಿಸಿ ತೂತು ಮಾಡುತ್ತವೆ. ಬಂಡೆಗೆ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ಬಿಡಿಸಿ, ಅದರಲ್ಲಿ ಪ್ಲಾಸ್ಟರ್ ತುಂಬಿ, ಅರ್ಧ ಗಟ್ಟಿಯಾದಾಗ ಮೈಗೆ ಒತ್ತಿ ಹಿಡಿಯಿರಿ. ಹೊಳೆಯೊಳಗಿನ ಬಂಡೆ ಮಾತ್ರ ಉರುಟಾಗಿರಬೇಕು, ಅದಕ್ಕೆ ನಿಜವಾದ ಹೊಳೆಗಲ್ಲೇ ಮೇಲು.

ಮಣ್ಣಿಗೆ ಫಿಲ್ಟರ್ ಕಾಫಿಯ ಗಸಿ ಚೆನ್ನಾಗಿ ಕಾಣುತ್ತದೆ ಎಂದು ಅನೇಕರು ಬಳಸುತ್ತಾರೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೇಡ. ಮೊದಲ ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ. ಬಿಸಿಲಲ್ಲಿ ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಹಿಡಿದ ಕೆಮ್ಮಣ್ಣು ಸಾಕು. ಹಾಕುವ ಮೊದಲು ಅದರೊಳಗೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣಗಳು ಅದಕ್ಕೆ ಅಂಟುವುದನ್ನು ನೋಡಿದರೆ, ಎಂಜಿನ್‌ನ ಮೋಟರ್ ಒಳಗೆ ಅವು ಏನು ಮಾಡುತ್ತಿದ್ದವು ಎಂಬುದು ತಿಳಿಯುತ್ತದೆ. ಹಸಿರಿಗೆ ಹಳೆಯ ಹಾಸಿಗೆಯ ಫೋಮನ್ನು ನೀರು ಹಾಕಿ ಮಿಕ್ಸಿಯಲ್ಲಿ ಅರೆದು, ಹಿಂಡಿ, ಅಕ್ರಿಲಿಕ್ ಬಣ್ಣ ಕಲಸಿ ಒಣಗಿಸಿ. ಕನಿಷ್ಠ ನಾಲ್ಕು ಹಸಿರು ಬೇಕು. ಘಾಟಿಯ ಕಾಡಿನಲ್ಲಿ ನೆಲವೇ ಕಾಣುವುದಿಲ್ಲ. ಬೈನೆ ಮರದ ಜೋಲುವ ಎಲೆ, ಬಿದಿರಿನ ಮೆಳೆ, ನೀರಂಚಿಗೆ ಜರೀಗಿಡ, ಇಷ್ಟು ಗುರುತು ಸಿಕ್ಕರೂ ಊರು ಯಾವುದೆಂದು ಗೊತ್ತಾಗುತ್ತದೆ. ಫೋಟೋ ಬೇಕಾದವರು ಹಳಿಯ ಮೇಲೆ ನಡೆಯಬೇಡಿ, ಅದು ನಿಷಿದ್ಧವೂ ಹೌದು, ಅಪಾಯವೂ ಹೌದು. 2021ರ ಜುಲೈನಿಂದ ಬೆಂಗಳೂರು–ಮಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಇದೆ, ಅದರ ಗಾಜಿನಿಂದ ಕಂಬದ ಬುಡದವರೆಗೂ ಕಾಣುತ್ತದೆ.

ನೀರು ಕೊನೆಗೆ. ಯಾವ ತಿಂಗಳು ಎಂಬುದನ್ನು ಮೊದಲು ನಿಶ್ಚಯಿಸಿ. ಆಷಾಢವಾದರೆ ನೀರು ಕೆಂಪು, ಬಂಡೆ ಕಪ್ಪಗೆ ಒದ್ದೆ, ಎಲ್ಲೆಲ್ಲೂ ಬಿಳಿ ನೊರೆ. ಮಾಘವಾದರೆ ಬಂಡೆಗಳ ನಡುವೆ ಹಸಿರುಗಪ್ಪಿನ ಮಡು, ಅಷ್ಟೆ. ನೀರಾಗಿ ಕಾಣುವ ಪಾರದರ್ಶಕ ರಾಳವನ್ನು, ಅಂದರೆ ಎಪಾಕ್ಸಿಯನ್ನು, ಒಂದು ಸಲಕ್ಕೆ 2–3 ಮಿ.ಮೀ.ಗಿಂತ ದಪ್ಪ ಹುಯ್ಯಬೇಡಿ. ದಪ್ಪವಾದರೆ ಬಿಸಿಯಾಗಿ ಬಿರುಕು ಬಿಡುತ್ತದೆ, ಕೆಳಗಿನ ಥರ್ಮಾಕೋಲನ್ನೂ ಕುಗ್ಗಿಸುತ್ತದೆ. ಮಳೆಗಾಲದ ತೇವದಲ್ಲಿ ಅದರ ಮೈಮೇಲೆ ಬಿಳಿ ಮಬ್ಬು ಕೂರುತ್ತದೆ, ಆದ್ದರಿಂದ ಈ ಒಂದು ಕೆಲಸವನ್ನು ಡಿಸೆಂಬರ್–ಏಪ್ರಿಲ್ ನಡುವೆ ಮುಗಿಸಿ. ಹುಯ್ಯುವ ಮುನ್ನ ತಳದಲ್ಲಿ ಸಾದಾ ನೀರು ನಿಲ್ಲಿಸಿ ಸೋರುತ್ತದೆಯೇ ನೋಡಿ, ಎರಡು ದಿನ ಒಣಗಲು ಬಿಡಿ. ಝರಿಗೆ ಪಾಲಿಥೀನ್ ಹಾಳೆಯ ಮೇಲೆ ಪಾರದರ್ಶಕ ಸಿಲಿಕೋನನ್ನು ಉದ್ದುದ್ದ ಎಳೆದು, ಒಣಗಿದ ಮೇಲೆ ಸುಲಿದು, ಅಂಚಿಗೆ ಒಣ ಕುಂಚದಲ್ಲಿ ಬಿಳಿ ಸವರಿ ಬಂಡೆಗೆ ತೂಗುಹಾಕಿ.

ಸೇತುವೆಯ ಎರಡೂ ಬದಿಯ ಹಳಿಗೆ ಬೇರೆ ಬೇರೆ ತಂತಿ ಕೊಡಿ, 0.5 ಚದರ ಮಿ.ಮೀ. ತಂತಿ ಹಳಿಯಿಂದ ಇಳಿದು ಅಡಿಯ 1.5 ಚದರ ಮಿ.ಮೀ. ತಂತಿಗೆ ಸೇರಲಿ. ಒಂದು ಕಡೆಯ ಜೋಡ ಬೆಸುಗೆ, ಇನ್ನೊಂದು ಕಡೆಯದರಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಸಂದು ಇಲ್ಲದಿದ್ದರೆ ಸೇತುವೆಯ ಹಳಿಯೇ ಬಾಗಬೇಕಾಗುತ್ತದೆ. ಲೇಔಟ್ ಅಂಚಿಗೆ ಸೇತುವೆ ಹತ್ತಿರವಿದ್ದರೆ 3 ಮಿ.ಮೀ. ಅಕ್ರಿಲಿಕ್‌ನ ಗಿಡ್ಡ ತಡೆ ನಿಲ್ಲಿಸಿ.

ಗಿಡಮರ ಅಂಟಿಸುವ ಮೊದಲು ಪರೀಕ್ಷೆ. ಘಾಟಿಯಲ್ಲಿ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ, ಇಲ್ಲೂ ಹಚ್ಚಿ ನೋಡಿ. ಎಳೆದಾಗ ಸರಿಯಾಗಿ ಹೋಗುವ ರೈಲು ತಿರುವಿನಲ್ಲಿ ದೂಡಿದಾಗ ತಪ್ಪುವುದುಂಟು. ಕಾರಣ ಹೆಚ್ಚಾಗಿ ಹಗುರ ಬೋಗಿ ಅಥವಾ ಬಿಗಿಯಾದ ಕೊಂಡಿ, ಅಪರೂಪಕ್ಕೆ ಸೇತುವೆ. ವೇಗವನ್ನೂ ಆಗಲೇ ಹೊಂದಿಸಿ. ಘಾಟಿಯ ರೈಲು ಗಂಟೆಗೆ 30 ಕಿ.ಮೀ.ನಲ್ಲಿ ಸಾಗುತ್ತದೆ; ಎಚ್ಒನಲ್ಲಿ ಅದು ಸೆಕೆಂಡಿಗೆ 9.6 ಸೆಂ.ಮೀ. ಹಳಿಯ ಪಕ್ಕ 96 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಎಂಜಿನ್ ಅದನ್ನು 10 ಸೆಕೆಂಡಿನಲ್ಲಿ ದಾಟುವ ಜಾಗಕ್ಕೆ ಕಂಟ್ರೋಲರ್ ತಿರುಪಿನ ಮೇಲೆ ಚುಕ್ಕೆ ಇಡಿ. ಆ ವೇಗದಲ್ಲಿ ಎಂಜಿನ್ ಮತ್ತು ಹತ್ತು ಬೋಗಿಯ ರೈಲು ನಾಲ್ಕು ಗರ್ಡರ್‌ಗಳನ್ನು ದಾಟಲು ಅರ್ಧ ನಿಮಿಷಕ್ಕೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಮತ್ತು ಅಷ್ಟು ಹೊತ್ತೂ ಚಕ್ರದ ಸದ್ದು ಟೊಳ್ಳಾಗಿಯೇ ಕೇಳುತ್ತದೆ.